ಒಳಗೆ ಬಿಟ್ಟ ಬಟ್ಟೆ

ಕೊಟ್ಟಾರ ಚೌಕಿಯ ಫ್ಲೈಓವರ್ ನೆರಳಲ್ಲಿ
ಉಮರಬ್ಬನ ಟಯರಂಗಡಿ.
ಹೊಸ ಥಾನು ಬಿಚ್ಚಿದಾಗ ನನ್ನ ಅಂಗಡಿಯಲ್ಲಿ
ಒಂದು ವಾಸನೆ ಏಳುತ್ತದಲ್ಲ,
ಅದರ ಕಪ್ಪು ಅಣ್ಣ ಇಲ್ಲಿ ವಾಸ.

"ಕೂತ್ಕೊಳ್ಳಿ ಫ್ಲೋಸಿ ಬಾಯಿ," ಎಂದ. ಕೂರಲಿಲ್ಲ.
ಇಪ್ಪತ್ತೆಂಟು ವರ್ಷ ಕೂತಾಗಿದೆ ಮೆಷಿನಿನ ಮುಂದೆ,
ಬೆಂದೂರು, ಬಿಜೈ, ಕುಲಶೇಖರದ ಮದುಮಗಳಂದಿರ
ಬಿಳಿ ಗೌನು ಹೊಲಿಯುತ್ತ.
ಆ ಬಿಳಿಯಿಂದಲೇ ಬಂದದ್ದು ಈ ಕೆಂಪು ಕಾರು:
ಸೆಕೆಂಡ್ ಹ್ಯಾಂಡು, ಎರಡೇ ಬಾಗಿಲು, ನೆಲಕ್ಕೆ ಹತ್ತಿರ,
ಗೇರು ಬದಲಿಸಿದರೆ ಬೆನ್ನಿಗೆ ಗುದ್ದುವಂಥದು.
"ಈ ಪ್ರಾಯದಲ್ಲಿ ಎಂತಕ್ಕೆ ಮಾರಾಯ್ತಿ?" ಎಂದವರಿಗೆ
ಬಾಯಲ್ಲಿ ಗುಂಡುಸೂಜಿ ಇದ್ದುದರಿಂದ
ಉತ್ತರಿಸಲಿಲ್ಲ.

ಟಯರಿನ ಮೈಮೇಲಿನ ಬರಹವನ್ನು ಉಮರಬ್ಬ ಓದಿಸಿದ.
ನೂರ ಎಂಬತ್ತೈದು: ಅಗಲ, ಮಿಲಿಮೀಟರಿನಲ್ಲಿ.
ಅರುವತ್ತು: ಆ ಅಗಲದ ನೂರಕ್ಕೆ ಅರುವತ್ತು ಪಾಲು
ರಬ್ಬರು ಗೋಡೆಯ ಎತ್ತರ.
ಹದಿನೈದು: ಒಳಗಿನ ಚಕ್ರ, ಅದು ಇಂಚಿನಲ್ಲಿ.
ಒಂದೇ ಸಾಲಲ್ಲಿ ಮೂರು ಥರದ ಲೆಕ್ಕ!
ಎದೆ ಇಂಚಿನಲ್ಲಿ, ತೋಳು ಗೇಣಿನಲ್ಲಿ, ಸೊಂಟ ಶೇಕಡಾದಲ್ಲಿ
ಯಾರಾದರೂ ಬರೆದು ತಂದಿದ್ದರೆ
ಕತ್ತರಿ ಕೆಳಗಿಟ್ಟು ಅವರಿಗೆ ಚಾ ತರಿಸುತ್ತಿದ್ದೆ.

ಕೆಲಸದ ಹುಡುಗ ಯಕ್ಷಿತ
ಹದಿನೇಳರ ಅಲಾಯ್ ಎತ್ತಿ ತಂದ,
ಚಿನ್ನದಂಗಡಿಯವನ ಮುಖ ಮಾಡಿಕೊಂಡು.
ತೆಳ್ಳಗಿನ ಕಡ್ಡಿಗಳು, ಅಂಚಿಗೆ ಸಪೂರ ರಬ್ಬರಿನ ಪಟ್ಟಿ.
ಇನ್ನೂರ ಐದು, ನಲವತ್ತು.
"ಇದು ಹಾಕಿದ್ರೆ ಸ್ಟೇರಿಂಗು ಚೂರಿ ಹಾಗೆ, ಬಾಯಿ!"
ಸುಳ್ಳಲ್ಲ. ಚಂದವೂ ಉಂಟು.
ನಾನು ಪರ್ಸಿನಿಂದ ಟೇಪು ತೆಗೆದೆ.

ಹಳೆಯ ಸ್ಟೆಪ್ನಿ, ನೆಲದಿಂದ ನೆತ್ತಿಗೆ
ಇಪ್ಪತ್ತಮೂರೂ ಮುಕ್ಕಾಲು. ಹೊಸದು ಕಾಲಿಂಚು ಕಮ್ಮಿ.
ಚಕ್ರ ಬೆಳೆದಷ್ಟೂ ರಬ್ಬರು ಕುಗ್ಗಬೇಕು,
ಇಲ್ಲದಿದ್ದರೆ ಮೀಟರಿನ ಮುಳ್ಳು ಸುಳ್ಳು ಹೇಳುತ್ತದೆ.
"ಹೊಂಡಕ್ಕೆ ಬಿದ್ರೆ?"
ಉಮರಬ್ಬ ಸುಮ್ಮನೆ ಮೂಲೆಯತ್ತ ನೋಡಿದ:
ನಂತೂರು ಸರ್ಕಲ್ಲಿನ ಕಳೆದ ಮಳೆಗಾಲ
ಸೊಟ್ಟ ರಿಮ್ಮುಗಳಾಗಿ ಅಲ್ಲಿ ರಾಶಿ ಬಿದ್ದಿತ್ತು.

ಆದರೂ ಹಾಕಿಸಿದೆ, ಟ್ರಯಲ್ಲಿಗೆ.
ಟ್ರಯಲ್ ನೋಡದೆ ಯಾರಿಗೂ ಗೌನು ಕೊಟ್ಟವಳಲ್ಲ.
ಫೆಂಡರಿನ ಒಳಅಂಚಿಗೆ
ಬಟ್ಟೆಗೆ ಗೆರೆ ಎಳೆಯುವ ನೀಲಿ ಸೀಮೆಸುಣ್ಣ ಉಜ್ಜಿ,
ಕಾರು ತುಂಬ ಹುಡುಗರನ್ನು ಕೂರಿಸಿ,
ಸ್ಟೇರಿಂಗು ಪೂರ್ತಿ ಎಡಕ್ಕೆ ಮುರಿದು
ಸರ್ವಿಸ್ ರಸ್ತೆಯ ಉಬ್ಬು ದಾಟಿಸಿದೆ.
ಕರ್ರ್.
ಇಳಿದು ಬಗ್ಗಿದರೆ, ಟಯರಿನ ಭುಜದ ಮೇಲೆ ನೀಲಿ.
"ಕಂಕುಳಲ್ಲಿ ಬಿಗಿ," ಎಂದೆ.
ಉಮರಬ್ಬ ನಕ್ಕ. ನಾಲ್ಕು ಹೆಣ್ಣುಮಕ್ಕಳ ತಂದೆ, ಅವನಿಗೆ ಗೊತ್ತು.

ಯಕ್ಷಿತನಿಗೆ ಹೇಳಬೇಕಾಯಿತು:
ಕನ್ನಡಿಯ ಮುಂದೆ ನಿಂತವಳಿಗಷ್ಟೇ ಹೊಲಿಯುವುದಲ್ಲ ಮಾರಾಯ.
ಅವಳು ಇಗರ್ಜಿಯಲ್ಲಿ ಮೊಣಕಾಲೂರುತ್ತಾಳೆ,
ಹಾಲಿನಲ್ಲಿ ಕುಣಿಯುತ್ತಾಳೆ,
ಎರಡನೇ ಸಲ ದುಕ್ರಾಮಾಸ್ ಬಡಿಸಿಕೊಳ್ಳುತ್ತಾಳೆ,
ತಾಯಿಯನ್ನು ತಬ್ಬಿ ಬಿಕ್ಕುವಾಗ ಬೆನ್ನು ಅಗಲವಾಗುತ್ತದೆ.
ಅದಕ್ಕೇ ಹೊಲಿಗೆಯ ಒಳಗೆ
ಅರ್ಧ ಇಂಚು ಬಟ್ಟೆ ಮಡಿಸಿ ಬಿಟ್ಟಿರುತ್ತೇನೆ,
ಫೋಟೋದಲ್ಲಿ ಕಾಣದ ಹಾಗೆ.

ಕೊನೆಗೆ ಹದಿನಾರು. ನೂರ ತೊಂಬತ್ತೈದು, ಐವತ್ತು.
ನೆತ್ತಿಯ ಎತ್ತರ ಹಳೆಯದರಷ್ಟೇ ಎನ್ನಬಹುದು,
ಗೋಡೆಗೆ ಮಾತ್ರ ಹದಿನೇಳಕ್ಕಿಂತ ಒಂದು ಬೆರಳು ಹೆಚ್ಚು ಮೈ.
"ಅದು ಚಂದ ಇತ್ತು," ನಟ್ಟು ಬಿಗಿಯುತ್ತ ಯಕ್ಷಿತ ಗೊಣಗಿದ.
ಇತ್ತು. ಇಲ್ಲವೆಂದವರು ಯಾರು?
ಹಣ ಎಣಿಸುವಾಗಲೂ ಒಮ್ಮೆ ತಿರುಗಿ ನೋಡಿದೆ.

ಮರುದಿನ ಮೊದಲ ಪೂಜೆಯ ಗಂಟೆಗೂ ಮುಂಚೆ
ಕಟೀಲು ದಾಟಿ ಕಿನ್ನಿಗೋಳಿಯ ಕಡೆಗೆ,
ರಾತ್ರಿಯ ಮಳೆ ಇನ್ನೂ ಆರದ ತಿರುವಿನಲ್ಲಿ
ಮೂರನೇ ಗೇರು.
ಟಯರು ಒಂದಿಷ್ಟು ಬಳುಕಿತು,
ಮತ್ತೆ ಹಿಡಿಯಿತು.
ಒಳಗಿನ ಮಡಿಕೆ ಎಲ್ಲಿ ಬಿಚ್ಚಿಕೊಂಡಿತೆಂದು
ನನಗೆ ಸೊಂಟದಲ್ಲಿ ತಿಳಿಯಿತು.

ಹೋ ಎಂದು ಕೂಗಿಬಿಟ್ಟೆ.
ಬಾಯಲ್ಲಿ ಸೂಜಿ ಇರಲಿಲ್ಲ.